ಕೀಲಿಕೈ ಯಾರ ಕೈಯಲ್ಲಿದೆ?

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಿದ್ದರೂ ಇಷ್ಟು ಮಂದಿ ಬಂದಿದ್ದೀರಿ, ಖುಷಿ ಆಯ್ತು. ನಾನು ಇಪ್ಪತ್ತು ವರ್ಷದಿಂದ ಯುನಿಕ್ಸ್, ಲಿನಕ್ಸ್ ಹಿಡಿದುಕೊಂಡೇ ಕೆಲಸ ಮಾಡುತ್ತಿದ್ದೇನೆ. ಇವು ವಿಂಡೋಸ್ ಹಾಗೆ ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶಗಳು; ಯುನಿಕ್ಸ್ ಹಳೆಯದು, ಲಿನಕ್ಸ್ ಅದರ ಮಾದರಿಯಲ್ಲೇ ಆಮೇಲೆ ಬಂದದ್ದು. ಅವುಗಳ ಮೇಲೆ ನನಗೆ ಪ್ರೀತಿ ಜಾಸ್ತಿ. ಆ ಪ್ರೀತಿ ಯಾಕೆ ಅಂತ ಹೇಳುವ ಮೊದಲು ಇಲ್ಲೇ ಧಾರವಾಡದಲ್ಲಿ ನೋಡಿದ ಒಂದು ಸಂಗತಿ ಹೇಳುತ್ತೇನೆ.

ಹೋದ ತಿಂಗಳು ಪ್ರಿಂಟ್ ತೆಗೆಸಲು ಸಪ್ತಾಪುರದ ಕಡೆ ಒಂದು ಆನ್‌ಲೈನ್ ಸೆಂಟರಿಗೆ ಹೋಗಿದ್ದೆ. ನಿಮಗೆ ಗೊತ್ತೇ ಇದೆ, ಪಿಎಸ್‌ಐ, ಎಫ್‌ಡಿಎ, ಶಿಕ್ಷಕರ ಪರೀಕ್ಷೆ ಅಂತ ಓದಲು ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ಅಲ್ಲಿ ರೂಮು ಮಾಡಿಕೊಂಡಿದ್ದಾರೆ, ಅರ್ಜಿ ಹಾಕುವ ಕೊನೆ ದಿನ ಹತ್ತಿರ ಬಂತಂದ್ರೆ ಈ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರಲ್ಲ. ನನ್ನ ಫೈಲನ್ನು ಅಂಗಡಿಯವರ ವಾಟ್ಸಾಪಿಗೆ ಕಳಿಸಿದೆ. ಅವರು "ನಿಮ್ದು ಯಾವ್ದ್ರೀ ಸರ, ನೋಡಿ ಹೇಳ್ರಿ" ಅಂತ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಡೌನ್‌ಲೋಡ್ಸ್ ಫೋಲ್ಡರ್ ತೆರೆದಿತ್ತು. ನನ್ನ ಫೈಲಿನ ಕೆಳಗೆ ಆಧಾರ್ ಕಾರ್ಡುಗಳು. ಪಾನ್ ಕಾರ್ಡುಗಳು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಜಾತಿ ಆದಾಯದ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ, ಬಿಳಿ ಹಾಳೆ ಮೇಲೆ ಮಾಡಿದ ಸಹಿಯ ಫೋಟೋ. ಕೆಳಗೆ ಹೋದಷ್ಟೂ ಇತ್ತು. ತಿಂಗಳುಗಟ್ಟಲೆ ಅಳಿಸದೆ ಉಳಿದಿದ್ದವು.

ಅಂಗಡಿಯವರು ಒಳ್ಳೆಯ ಮನುಷ್ಯ, ನನಗೆ ಅದರಲ್ಲಿ ಅನುಮಾನ ಇಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತು ಮಕ್ಕಳ ಅರ್ಜಿ ತುಂಬುತ್ತಾರೆ. ಆದರೆ ಆ ಕಂಪ್ಯೂಟರಿಗೆ ಒಂದೇ ಖಾತೆ, ಅದಕ್ಕೆ ಪಾಸ್‌ವರ್ಡ್ ಇಲ್ಲ, ಆ ಖಾತೆಗೆ ಎಲ್ಲ ಅಧಿಕಾರವೂ ಇದೆ. ಪೆನ್‌ಡ್ರೈವ್ ಹಿಡಿದುಕೊಂಡು ಬಂದ ಯಾರಾದರೂ ಎರಡು ನಿಮಿಷದಲ್ಲಿ ಇಡೀ ಫೋಲ್ಡರ್ ಹೊತ್ತುಕೊಂಡು ಹೋಗಬಹುದು. ಹಾವೇರಿ ಕಡೆಯ ಹಳ್ಳಿಯಿಂದ ಬಂದ ಒಬ್ಬ ಹುಡುಗಿಯ ಮುಖ, ಸಹಿ, ಅಪ್ಪನ ಹೆಸರು, ಹುಟ್ಟಿದ ದಿನ, ಬ್ಯಾಂಕ್ ಖಾತೆ ನಂಬರ್, ಎಲ್ಲ ಒಂದೇ ಕಡೆ. ಅವಳಿಗೆ ಇದು ಗೊತ್ತೇ ಇಲ್ಲ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈಗ ಯುನಿಕ್ಸ್ ವಿಷಯಕ್ಕೆ ಬರುತ್ತೇನೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನುವ ಸಂಶೋಧನಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಅವರ ಜೊತೆಗಾರರು ಇದನ್ನು ಶುರು ಮಾಡಿದರು. ಆಗ ಕಂಪ್ಯೂಟರ್ ಅಂದರೆ ಭಾರಿ ದುಡ್ಡಿನ ಯಂತ್ರ. ಒಬ್ಬೊಬ್ಬರಿಗೆ ಒಂದೊಂದು ಕೊಡುವ ಮಾತೇ ಇರಲಿಲ್ಲ, ಒಂದೇ ಯಂತ್ರವನ್ನು ಹತ್ತು ಮಂದಿ ಹಂಚಿಕೊಳ್ಳಬೇಕಿತ್ತು. ಅಂದರೆ ನಮ್ಮ ಆನ್‌ಲೈನ್ ಸೆಂಟರಿನ ಸ್ಥಿತಿಯೇ ಅಲ್ವಾ? ಹಾಗಾಗಿ ಯಾರ ಫೈಲನ್ನು ಯಾರು ಮುಟ್ಟಬಹುದು ಅನ್ನೋ ಪ್ರಶ್ನೆಗೆ ಅವರು ಆರಂಭದಲ್ಲೇ ಉತ್ತರ ಹುಡುಕಬೇಕಾಯಿತು.

ಆ ಉತ್ತರ ತುಂಬಾ ಸರಳ. ಪ್ರತಿ ಫೈಲಿಗೂ ಒಬ್ಬ ಒಡೆಯ. ಆಮೇಲೆ ಒಂದು ಗುಂಪು. ಆಮೇಲೆ ಉಳಿದವರು. ಮನೆಯ ಯಜಮಾನ, ಮನೆ ಮಂದಿ, ಓಣಿಯವರು ಅಂತ ತಿಳಿದುಕೊಳ್ಳಿ. ಈ ಮೂವರಲ್ಲಿ ಪ್ರತಿಯೊಬ್ಬರಿಗೂ ಮೂರು ವಿಷಯ ಬೇರೆ ಬೇರೆ ಕೊಡಬಹುದು: ಓದುವುದು, ಬರೆಯುವುದು, ಫೈಲು ಪ್ರೋಗ್ರಾಂ ಆಗಿದ್ದರೆ ಅದನ್ನು ಓಡಿಸುವುದು. ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1 ಅಂತ ಲೆಕ್ಕ. ಮೂವರಿಗೆ ಮೂರು ಅಂಕೆ. ಒಂದು ಫೈಲಿಗೆ 600 ಅಂತ ಇಟ್ಟರೆ ಒಡೆಯನಿಗೆ 4 ಕೂಡಿಸು 2, ಅಂದರೆ 6: ಅವನು ಓದಬಹುದು, ಬರೆಯಬಹುದು, ಗುಂಪಿಗೆ ಸೊನ್ನೆ, ಓಣಿಯವರಿಗೆ ಸೊನ್ನೆ. ಇಷ್ಟೇ. ಐವತ್ತು ವರ್ಷ ದಾಟಿದರೂ ಇವತ್ತಿಗೂ ದೊಡ್ಡ ದೊಡ್ಡ ಸರ್ವರುಗಳು ಇದೇ ಲೆಕ್ಕದ ಮೇಲೆ ನಡೆಯುತ್ತಿವೆ.

ಇನ್ನೊಂದು ಇದೆ, ರೂಟ್ ಖಾತೆ. ಅದಕ್ಕೆ ಯಾವ ಬಾಗಿಲೂ ಅಡ್ಡ ಇಲ್ಲ, 600 ಇಟ್ಟ ಫೈಲನ್ನೂ ಅದು ಓದುತ್ತದೆ, ಅಳಿಸುತ್ತದೆ. ಅದಕ್ಕೇ ಯುನಿಕ್ಸ್ ಮಂದಿ ದಿನದ ಕೆಲಸವನ್ನು ರೂಟ್ ಆಗಿ ಮಾಡಲ್ಲ. ಸಾಮಾನ್ಯ ಖಾತೆಯಲ್ಲಿ ಕೂತು, ಬೇಕಾದಾಗ ಮಾತ್ರ ಆ ಅಧಿಕಾರ ತೆಗೆದುಕೊಂಡು, ಕೆಲಸ ಮುಗಿದ ಕೂಡಲೇ ಬಿಡುತ್ತಾರೆ. ತಿಜೋರಿಯ ಕೀಲಿಕೈಯನ್ನು ಕೊರಳಿಗೆ ಹಾಕಿಕೊಂಡು ಯಾರೂ ಸಂತೆಗೆ ಹೋಗಲ್ಲ ನೋಡಿ, ಹಾಗೆ.

"ಸರ್, ನಮ್ಮ ಮನೆಯಲ್ಲಿ ಯುನಿಕ್ಸ್ ಎಲ್ಲಿದೆ" ಅಂತ ಕೇಳಬಹುದು. ನಿಮ್ಮ ಕಿಸೆಯಲ್ಲಿದೆ. ಆಂಡ್ರಾಯ್ಡ್ ಫೋನಿನ ಒಳಗಿರುವುದು ಲಿನಕ್ಸ್ ಕರ್ನಲ್, ಅಂದರೆ ಯುನಿಕ್ಸ್ ಮಾದರಿಯ ಆ ಲಿನಕ್ಸಿನ ತಿರುಳು. ನೀವು ಒಂದು ಆಪ್ ಹಾಕಿದಾಗ ಫೋನು ಆ ಆಪಿಗೆ ಒಂದು ಬೇರೆ ಬಳಕೆದಾರ ಸಂಖ್ಯೆ ಕೊಡುತ್ತದೆ, ಹಳೆಯ ಯುನಿಕ್ಸ್ ಯಂತ್ರದಲ್ಲಿ ಹೊಸ ಮನುಷ್ಯನಿಗೆ ಕೊಡುತ್ತಿದ್ದ ಹಾಗೇ. ಹಾಗಾಗಿ ಆಟದ ಆಪ್ ನಿಮ್ಮ ಬ್ಯಾಂಕ್ ಆಪಿನ ಫೈಲನ್ನು ಸುಮ್ನೆ ಹೋಗಿ ಓದಲು ಆಗಲ್ಲ. ಇಬ್ಬರೂ ಒಬ್ಬರಿಗೊಬ್ಬರು ಓಣಿಯವರು. ಸಂಪರ್ಕ ಪಟ್ಟಿ, ಕ್ಯಾಮೆರಾ, ಎಸ್ಸೆಮ್ಮೆಸ್ ಬೇಕಾದರೆ ಆಪ್ ನಿಮ್ಮನ್ನು ಕೇಳಬೇಕು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಬಳಸುವ ಹೊತ್ತಿನಲ್ಲೇ ಕೇಳುವ ಪದ್ಧತಿ ಬಂತು. ಗೋಡೆ ಗಟ್ಟಿಯಾಗಿ ಕಟ್ಟಿದ್ದಾರೆ. ಬಾಗಿಲು ಮಾತ್ರ ನಿಮ್ಮ ಬೆರಳಿನ ತುದಿಯಲ್ಲಿದೆ.

ಕಳ್ಳರಿಗೆ ಇದು ಚೆನ್ನಾಗಿ ಗೊತ್ತು. ಬ್ಯಾಡಗಿಯಲ್ಲಿ ನಮ್ಮ ಕಾಕಾ ಒಬ್ಬರಿದ್ದಾರೆ, ಮೆಣಸಿನಕಾಯಿ ಅಡತಿ ವ್ಯಾಪಾರ. ಮದುವೆ ಸೀಸನ್‌ನಲ್ಲಿ ಗುರುತಿನವರ ನಂಬರಿನಿಂದಲೇ ವಾಟ್ಸಾಪಿಗೆ ಒಂದು ಲಗ್ನಪತ್ರಿಕೆ ಬಂತು. ಹೆಸರಿನ ಕೊನೆಗೆ ಎಪಿಕೆ ಅಂತ ಇತ್ತು. ಕಾಕಾಗೆ ಅದು ಪಿಡಿಎಫ್ ಅಲ್ಲ, ಆಪ್ ಅಂತ ತಿಳಿಯಲಿಲ್ಲ. ಒತ್ತಿದರು. ಫೋನು ಕೇಳಿತು, ಈ ಮೂಲದಿಂದ ಆಪ್ ಹಾಕಲು ಬಿಡಬೇಕಾ? ಪತ್ರಿಕೆ ತೆರೆಯಲಿ ಅಂತ ಹೂಂ ಅಂದರು. ಎಸ್ಸೆಮ್ಮೆಸ್ ಓದಲಾ ಅಂತ ಕೇಳಿತು, ಅದಕ್ಕೂ ಹೂಂ. ಪತ್ರಿಕೆ ಮಾತ್ರ ತೆರೆಯಲೇ ಇಲ್ಲ, ಸುಮ್ನಾದರು. ಅವತ್ತು ಸಂಜೆ ಓಟಿಪಿಗಳು ಬಂದವು, ಅವನ್ನು ಆ ಆಪೇ ಓದಿ ದಾಟಿಸಿತು. "ರೊಕ್ಕ ಹೋತಲ್ಲೋ ತಮ್ಮಾ" ಅಂತ ರಾತ್ರಿ ಹತ್ತು ಗಂಟೆಗೆ ನನಗೆ ಫೋನ್ ಮಾಡಿದಾಗ ಅವರ ದನಿ ನಡುಗುತ್ತಿತ್ತು. ಮೊದಲು ಸೈಬರ್ ವಂಚನೆ ತಿಳಿಸುವ ಸರ್ಕಾರಿ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆ, ಆಮೇಲೆ ಬ್ಯಾಂಕಿಗೆ. ಬೇಗ ಹೇಳಿದ್ದಕ್ಕೆ ಒಂದು ಭಾಗ ತಡೆ ಹಿಡಿಯಲು ಆಯಿತು. ಈ 1930 ನಂಬರನ್ನು ದಯವಿಟ್ಟು ಮನೆಯ ಎಲ್ಲರ ಫೋನಿನಲ್ಲೂ ಇಡಿ. ರೊಕ್ಕ ಹೋದ ಮೇಲೆ ಮೊದಲ ಒಂದೆರಡು ತಾಸು ಬಹಳ ಮುಖ್ಯ, ಅದು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಾ ಇರುತ್ತದೆ.

ಕಾಕಾರನ್ನು ಮನೆಯಲ್ಲಿ ಎಲ್ಲರೂ ಬೈದರು. ನನಗೆ ಅದು ತುಂಬಾ ಬೇಜಾರಾಯಿತು. ಇಡೀ ವರ್ಷದ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳುವ ಮನುಷ್ಯ ಅವರು. ಆ ಎರಡು ಪ್ರಶ್ನೆ ಕೇಳಿದಾಗ ಪತ್ರಿಕೆ ನೋಡಲು ನನ್ನ ಎಸ್ಸೆಮ್ಮೆಸ್ ಯಾಕೆ ಬೇಕು ಅಂತ ತಿರುಗಿ ಕೇಳಬಹುದು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಗಡಿಗೆ ಬಂದ ಹೊಸ ಹಮಾಲ ಗಲ್ಲಾ ಕೀಲಿಕೈ ಕೇಳಿದ್ದರೆ ಕಾಕಾ ಕೊಡುತ್ತಿದ್ದರಾ? ಚೀಲ ಹೊರಲು ಕೀಲಿಕೈ ಯಾಕೋ ಅನ್ನುತ್ತಿದ್ದರು. ಅದೇ ಪ್ರಶ್ನೆಯನ್ನು ಆಪಿಗೂ ಕೇಳಬೇಕು. ಟಾರ್ಚ್ ಆಪಿಗೆ ಸಂಪರ್ಕ ಪಟ್ಟಿ ಯಾಕೆ? ಸಾಲ ಕೊಡುವ ಆಪಿಗೆ ನಿಮ್ಮ ಫೋಟೋಗಳೆಲ್ಲ ಯಾಕೆ? ಯುಪಿಐನಲ್ಲಿ ದುಡ್ಡು ಬರಬೇಕಾದರೆ ಪಿನ್ ಬೇಕಾಗಲ್ಲ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ.

ಪಾಸ್‌ವರ್ಡ್ ಬಗ್ಗೆ ಒಂದು ಅಪ್ಪ ಮಗನ ಕಥೆ ಇದೆ, ನಡೆದದ್ದು. ಬೆಲ್ ಲ್ಯಾಬ್ಸ್‌ನಲ್ಲಿ ರಾಬರ್ಟ್ ಮಾರಿಸ್ ಅಂತ ಇದ್ದರು. ಅವರು, ಕೆನ್ ಥಾಂಪ್ಸನ್ ಸೇರಿ 1979ರಲ್ಲಿ ಯುನಿಕ್ಸ್ ಪಾಸ್‌ವರ್ಡ್ ಬಗ್ಗೆ ಒಂದು ಲೇಖನ ಬರೆದರು. 3,289 ಪಾಸ್‌ವರ್ಡ್ ಕೂಡಿಸಿ ನೋಡಿದರು. ಅದರಲ್ಲಿ ಶೇಕಡ 86ರಷ್ಟು ಒಂದೋ ತೀರಾ ಚಿಕ್ಕವು, ಇಲ್ಲ ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸಿಗುವಂಥವು. ಪಾಸ್‌ವರ್ಡನ್ನು ಹಾಗೇ ಬರೆದಿಡಬಾರದು, ತಿರುಗಿಸಿ ಬಿಡಿಸಲು ಆಗದ ಹಾಗೆ ಕಲಸಿ ಇಡಬೇಕು, ಕಲಸುವಾಗ ಪ್ರತಿಯೊಬ್ಬರಿಗೂ ಬೇರೆ ಬೇರೆ ಚಿಟಿಕೆ ಉಪ್ಪು, ಅಂದರೆ ಯಾದೃಚ್ಛಿಕವಾದ ಒಂದು ತುಣುಕು, ಸೇರಿಸಬೇಕು ಅಂತ ಆ ಲೇಖನದಲ್ಲೇ ಇದೆ. ಅದನ್ನು ಇವತ್ತಿಗೂ ಉಪ್ಪು ಅಂತಲೇ ಕರೆಯುತ್ತಾರೆ. ಒಂಬತ್ತು ವರ್ಷ ಆದ ಮೇಲೆ, 1988ರ ನವೆಂಬರ್ 2ರಂದು ಇವರ ಮಗ, ಕಾಲೇಜು ವಿದ್ಯಾರ್ಥಿ, ಒಂದು ಪ್ರೋಗ್ರಾಂ ಬರೆದು ಇಂಟರ್ನೆಟ್ಟಿಗೆ ಬಿಟ್ಟ. ಅದು ತಾನೇ ತಾನಾಗಿ ಯುನಿಕ್ಸ್ ಯಂತ್ರದಿಂದ ಯಂತ್ರಕ್ಕೆ ಹಬ್ಬಿ ಸುಮಾರು 6,000 ಯಂತ್ರಗಳನ್ನು ಹಿಡಿಯಿತು ಅಂತ ಆಗ ಅಂದಾಜು ಮಾಡಿದರು. ಅದು ಬಳಸಿದ ದಾರಿಗಳಲ್ಲಿ ಒಂದು ಪಾಸ್‌ವರ್ಡ್ ಊಹಿಸುವುದು: ಬಳಕೆದಾರನ ಹೆಸರು, ಅದನ್ನೇ ತಿರುಗಿಸಿ ಬರೆದದ್ದು, ಜೊತೆಗೆ 432 ಪದಗಳ ಒಂದು ಪಟ್ಟಿ. ಅಪ್ಪ ಎಚ್ಚರಿಸಿದ ದೌರ್ಬಲ್ಯವನ್ನೇ ಮಗನ ಪ್ರೋಗ್ರಾಂ ಬಳಸಿತು.

ನಮ್ಮ ಪಾಸ್‌ವರ್ಡುಗಳು ಇನ್ನೂ ಅಲ್ಲೇ ಇವೆ. ಮಗಳ ಹೆಸರು, ಹುಟ್ಟಿದ ವರ್ಷ. ಮನೆದೇವರು, 123. ಮೊಬೈಲ್ ನಂಬರ್. ಇವೆಲ್ಲ ಮೊದಲೇ ಹೇಳಿದ ಆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಸಿಗುತ್ತವೆ! ಒಂದಕ್ಕೊಂದು ಸಂಬಂಧ ಇಲ್ಲದ ಐದು ಪದ ಆರಿಸಿ, ಉದ್ದ ಇರಲಿ: ಗಿರಮಿಟ್, ಏಣಿ, ಚಿಗರಿ, ಸೂಜಿ, ಬುಧವಾರ, ಹೀಗೆ. ನಾನು ಹೇಳಿದ್ದನ್ನೇ ಇಡಬೇಡಿ ಮತ್ತೆ. ವಚನದ ಸಾಲು, ಗಾದೆ ಕೂಡ ಬೇಡ, ಅವು ಎಲ್ಲರಿಗೂ ಗೊತ್ತಿರುವವು. ಇಮೇಲ್ ಮತ್ತು ಬ್ಯಾಂಕಿಗೆ ಬೇರೆ ಬೇರೆ ಇಡಿ. ಉಳಿದದ್ದನ್ನು ಕೀಪಾಸ್‌ಎಕ್ಸ್‌ಸಿ ಅನ್ನುವ, ಪಾಸ್‌ವರ್ಡ್ ಕಾಪಾಡುವ ಉಚಿತ ತಂತ್ರಾಂಶದಲ್ಲಿ ಇಟ್ಟರೆ ನೆನಪಿನ ಭಾರ ಇಳಿಯುತ್ತದೆ.

ಆನ್‌ಲೈನ್ ಸೆಂಟರಿನ ಅಣ್ಣನ ಹತ್ತಿರ ನಾನು ಮತ್ತೆ ಹೋದೆ. ಕೂತು ಮಾತಾಡಿದೆ, ಅವರೂ ಗಾಬರಿ ಆದರು, ಅವರಿಗೂ ಮಕ್ಕಳಿದ್ದಾರೆ. ಗಿರಾಕಿಗಳು ಕೂರುವ ಎರಡು ಹಳೆ ಯಂತ್ರಕ್ಕೆ ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿದೆವು. ಅತಿಥಿ ಖಾತೆಯಲ್ಲಿ ಕೂತು ಕೆಲಸ ಮಾಡಿ ಹೊರಗೆ ಬಂದರೆ ಆ ಖಾತೆಯ ಫೈಲುಗಳೆಲ್ಲ ತಾವೇ ಅಳಿಸಿಹೋಗುತ್ತವೆ. ಮುಂದೆ ಕೂತ ಹುಡುಗನಿಗೆ ಹಿಂದಿನವರದ್ದು ಏನೂ ಕಾಣಲ್ಲ. ಅಣ್ಣನ ಸ್ವಂತ ಯಂತ್ರಕ್ಕೆ ಪಾಸ್‌ವರ್ಡ್ ಬಂತು, ರಾತ್ರಿ ಅಂಗಡಿ ಮುಚ್ಚುವಾಗ ಆ ಫೋಲ್ಡರ್ ಖಾಲಿ ಮಾಡುವ ನಾಲ್ಕು ಸಾಲಿನ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದುಕೊಟ್ಟೆ. ನೀವು ಗಿರಾಕಿಯಾಗಿ ಹೋದಾಗ ನಿಮ್ಮ ಕಣ್ಣ ಮುಂದೆ ಅಳಿಸಲು ಕೇಳಿ, ಕಸದ ಬುಟ್ಟಿಯಿಂದಲೂ ಅಳಿಸಲು ಹೇಳಿ. ಬರೀ ಗುರುತಿಗೆ ಸಾಕಾಗುವ ಕಡೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಜಾಲತಾಣದಲ್ಲೇ ಸಿಗುತ್ತದೆ. ಬೆರಳಚ್ಚಿನ ಬೀಗವನ್ನೂ ಅಲ್ಲೇ ಹಾಕಬಹುದು.

ಅಪ್‌ಡೇಟ್ ಬಗ್ಗೆ ಜಾಸ್ತಿ ಹೇಳಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಕುತಂತ್ರಾಂಶ ಬಂದು ಆಸ್ಪತ್ರೆಗಳ ಕಂಪ್ಯೂಟರುಗಳನ್ನೂ ಬಿಡದೆ ಬೀಗ ಹಾಕಿದಾಗ, ಅದನ್ನು ತಡೆಯುವ ವಿಂಡೋಸ್ ಅಪ್‌ಡೇಟಿನ ತೇಪೆ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಂಡವರು ಉಳಿದರು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ. ಹೊಸ ಯಂತ್ರಕ್ಕೆ ದುಡ್ಡಿಲ್ಲದ ಶಾಲೆ, ಅಂಗಡಿಗಳಿಗೆ ಲಿನಕ್ಸ್ ಹಾಕಿ ಅನ್ನೋದು ನನ್ನ ಮಾತು. ಲೆಕ್ಕದ ಫೈಲುಗಳನ್ನು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ನಕಲು ಮಾಡಿ, ಆಮೇಲೆ ಅದನ್ನು ಯಂತ್ರದಿಂದ ಕಿತ್ತು ಕಪಾಟಿನಲ್ಲಿಡಿ. ಚುಚ್ಚಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ.

ಹಾಗಂತ ಲಿನಕ್ಸಿಗೆ ಕಳ್ಳರು ಬರಲ್ಲ ಅಂತ ನಾನು ಹೇಳಲ್ಲ. ಲಿನಕ್ಸಿನಲ್ಲಿ ಫೈಲುಗಳ ಗಾತ್ರ ಕುಗ್ಗಿಸುವ ಎಕ್ಸ್‌ಜೆಡ್ ಅನ್ನುವ ಒಂದು ಸಣ್ಣ ತಂತ್ರಾಂಶವನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಜಿಯಾ ಟಾನ್ ಅನ್ನುವ ಹೆಸರಿನಲ್ಲಿ ಬಂದ ಯಾರೋ ಎರಡು ವರ್ಷಕ್ಕೂ ಮೇಲ್ಪಟ್ಟು ಸಹಾಯ ಮಾಡುತ್ತಾ ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಹಿಂಬಾಗಿಲು, ಅಂದರೆ ಕದ್ದು ಒಳಗೆ ಬರುವ ದಾರಿ, ಇಟ್ಟರು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್, ಲಾಗಿನ್ ಯಾಕೋ ಅರ್ಧ ಸೆಕೆಂಡು ತಡ ಆಗುತ್ತಿದೆಯಲ್ಲ ಅಂತ ಬೆನ್ನು ಹತ್ತಿ ಹೋಗಿ ಅದನ್ನು ಹಿಡಿದರು. ನನಗೆ ಈ ಕಥೆ ನೆನಪಾದಾಗಲೆಲ್ಲ ಆ ಒಬ್ಬಂಟಿ ಮನುಷ್ಯನ ದಣಿವೇ ಮೊದಲು ಕಣ್ಣಿಗೆ ಬರುತ್ತದೆ. ಇಲ್ಲಿ ಎಂಜಿನಿಯರಿಂಗ್ ಓದುವ ಹುಡುಗರು ಇದ್ದೀರಿ. ಇಂಥ ಸಣ್ಣ ತಂತ್ರಾಂಶಗಳಿಗೆ ಕೈ ಜೋಡಿಸಿ, ಬರೀ ತಪ್ಪು ಹುಡುಕಿ ತಿಳಿಸಿದರೂ ದೊಡ್ಡ ಉಪಕಾರ.

ಮುಗಿಸುವ ಮೊದಲು ಕನ್ನಡದ್ದೊಂದು ಮಾತು. ಗದಗಿನ ಮುದ್ರಣಾಲಯದ ಗೆಳೆಯರೊಬ್ಬರ ಹತ್ತಿರ ಇಪ್ಪತ್ತೈದು ವರ್ಷದ ಪುಸ್ತಕಗಳ ಫೈಲುಗಳಿವೆ. ಎಲ್ಲ ಹಳೆ ಫಾಂಟಿನವು, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ, ಮೇಲೆ ಕನ್ನಡದ ವೇಷ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಒಂದು ಪದವೂ ಓದಲು ಬರಲ್ಲ. ಇದೂ ಕೀಲಿಕೈ ಕಳೆದುಕೊಂಡ ಹಾಗೇ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನ ಇದೆ. ಅದನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ವಿಧಾನವನ್ನು 1992ರಲ್ಲಿ ರೂಪಿಸಿದವರು ಅದೇ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. ನಿಮ್ಮ ಅಜ್ಜನ ನೆನಪು, ಅವ್ವನ ಹಾಡು ಟೈಪ್ ಮಾಡಿಡುವವರು ದಯವಿಟ್ಟು ಯುನಿಕೋಡ್‌ನಲ್ಲಿ, ಸಾದಾ ಪಠ್ಯದ ಫೈಲಿನಲ್ಲಿ ಇಡಿ. ನಾನು ಆ ಗೆಳೆಯರ ಫೈಲುಗಳನ್ನು ಒಂದೊಂದಾಗಿ ಬದಲಾಯಿಸಿ ಕೊಡುತ್ತಿದ್ದೇನೆ, ಇನ್ನೂ ಅರ್ಧ ಬಾಕಿ ಇದೆ.

ಈಗ ಎಲ್ಲರೂ ಫೋನ್ ತೆಗೆಯಿರಿ. ಸೆಟ್ಟಿಂಗ್ಸ್‌ಗೆ ಹೋಗಿ, ಮೇಲಿನ ಹುಡುಕುವ ಜಾಗದಲ್ಲಿ ಪರ್ಮಿಷನ್ ಮ್ಯಾನೇಜರ್ ಅಂತ ಬರೆಯಿರಿ. ಅದರಲ್ಲಿ ಎಸ್ಸೆಮ್ಮೆಸ್ ಒತ್ತಿ. ಯಾವ ಯಾವ ಆಪ್‌ಗಳ ಹೆಸರು ಬಂತು ನೋಡಿ. ಹಿಂದಿನ ಸಾಲಿನ ಅಕ್ಕಾರು ಕೈ ಎತ್ತಿದ್ದಾರೆ, ಬಂದೆ ತಡೆಯಿರಿ, ಅಲ್ಲಿಂದಲೇ ಶುರು ಮಾಡೋಣ.