ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಟಾರ್ಚ್

ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ತೆಗೆದ ವಿಡಿಯೋ ಇದು, ಈಗ ನಿಮಗೆ ಕಾಣಿಸುತ್ತಿರುವುದು ನನ್ನ ಬೆನ್ನು. ಬಾನೆಟ್ ಒಳಗೆ ತಲೆ ತೂರಿಸಿ ಏನೋ ದೊಡ್ಡ ಮೆಕ್ಯಾನಿಕ್ ಥರ ನಿಂತಿದ್ದೇನೆ, ಅಲ್ವಾ? ಇಂಜಿನ್ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೇ. ನಾನು ನಂಬರ್ ಓದುತ್ತಿದ್ದೇನೆ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಎಲ್ಲರೂ ಮೊದಲು ಪೇಂಟ್ ನೋಡುತ್ತಾರೆ, ಸೀಟು ಒತ್ತುತ್ತಾರೆ, ಒಂದು ರೌಂಡ್ ಓಡಿಸಿ ಖುಷಿಪಡುತ್ತಾರೆ, ಕಾಗದ ಕೊನೆಗೆ. ನಾನು ಉಲ್ಟಾ. ನೋಂದಣಿ ಪತ್ರ ಕೈಯಲ್ಲಿ ಹಿಡಿದುಕೊಂಡೇ ಗಾಡಿ ಸುತ್ತ ತಿರುಗುತ್ತೇನೆ. ಚಾಸಿ ನಂಬರ್ ಅಂದರೆ ಗಾಡಿಯ ಚೌಕಟ್ಟಿನ ಮೇಲೆ ಕೊರೆದಿರುವ ಗುರುತಿನ ಸಂಖ್ಯೆ, 17 ಅಕ್ಷರ-ಅಂಕಿಗಳ ಒಂದು ಸಾಲು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಇರುವುದೇ ಇಲ್ಲ, 1 ಮತ್ತು 0 ಜೊತೆ ಗೊಂದಲ ಆಗಬಾರದು ಅಂತ. ಕಾಗದದಲ್ಲಿ 'ಓ' ಕಂಡರೆ ಬರೆದವರು ತಪ್ಪಿದ್ದಾರೆ, ಇಲ್ಲ ಏನೋ ಎಡವಟ್ಟಾಗಿದೆ. ತಗಡಿನ ಮೇಲೆ ನಂಬರ್ ಇರುವ ಜಾಗವನ್ನು ಬೆರಳಿನಿಂದ ಸವರಿ ನೋಡಿ. ಉಜ್ಜಿದ ಗುರುತು, ಸುತ್ತ ಹೊಸ ಪೇಂಟ್ ಇದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಈ ಕಾರಿನಲ್ಲಿ ಚಾಸಿ ನಂಬರ್ ಸರಿಯಾಗಿದೆ. ಇಂಜಿನ್ ನಂಬರಿಗೆ ಆಮೇಲೆ ಬರುತ್ತೇನೆ.

ಇದು ಟೈರ್. ಪಕ್ಕದಲ್ಲಿ ನಾಲ್ಕು ಅಂಕಿ ಕಾಣಿಸುತ್ತಾ, 2319? ಅಂದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಗಾಡಿಯ ವಯಸ್ಸು, ಟೈರಿನ ವಯಸ್ಸು, ಮೀಟರಿನ ಲೆಕ್ಕ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೀಟರ್ ಹಿಂದಕ್ಕೆ ತಿರುಗಿಸುವುದು ಸುಲಭ, ಆದರೆ ಬ್ರೇಕ್ ಪೆಡಲಿನ ರಬ್ಬರ್ ಬದಲಾಯಿಸಲು ಯಾರಿಗೂ ನೆನಪಾಗುವುದಿಲ್ಲ. 18,000 ಕಿಲೋಮೀಟರ್ ಓಡಿದ ಗಾಡಿಯಲ್ಲಿ ಅದು ಸವೆದು ನುಣ್ಣಗಾಗಿರುತ್ತಾ? ಸರ್ವೀಸ್ ಬಿಲ್‌ಗಳನ್ನು ಕೇಳಿ, ಒಂದೊಂದು ಬಿಲ್ಲಿನಲ್ಲೂ ಆವತ್ತಿನ ಕಿಲೋಮೀಟರ್ ಬರೆದಿರುತ್ತಾರೆ.

ಸೀಟ್ ಬೆಲ್ಟ್ ಪೂರ್ತಿ ಎಳೆಯಿರಿ. ನೀರಲ್ಲಿ ಮುಳುಗಿದ್ದ ಗಾಡಿಯನ್ನು ಎಷ್ಟೇ ತೊಳೆದರೂ ಒಳಗೆ ಸುತ್ತಿಕೊಂಡ ಬೆಲ್ಟಿನಲ್ಲಿ ಕೆಸರಿನ ಕಲೆ ಉಳಿದುಬಿಡುತ್ತದೆ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿರಬಹುದು, ತಣ್ಣಗಿರುವಾಗ ಮಾಡುವ ಸದ್ದು, ನೀಲಿ ಹೊಗೆ ನಿಮಗೆ ಕಾಣಬಾರದು ಅಂತಲೋ ಏನೋ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಅದು ಒಳ್ಳೆ ಸುದ್ದಿ ಅಲ್ಲ.

ಇನ್ನು ಸಾಲ. 'ತೀರಿಸಿಬಿಟ್ಟಿದ್ದೇನೆ' ಅನ್ನೋದು ಬರೀ ಬಾಯಿ ಮಾತು. ಸಾಲ ಕೊಟ್ಟವರ ತೀರುವಳಿ ಪತ್ರ ಬೇಕು, ನೋಂದಣಿ ದಾಖಲೆಯಿಂದಲೂ ಆ ಸಾಲ ತೆಗೆದಿರಬೇಕು. ಗಾಡಿ ನಿಮ್ಮ ಮನೆ ಮುಂದೆ ನಿಂತಿದ್ದರೂ ಸಾಲ ಕೊಟ್ಟವರ ಹಕ್ಕು ಅದರ ಜೊತೆಗೇ ಬಂದಿರಬಹುದು.

ಮಾರುವವರಿಗೂ ಒಂದು ಮಾತು, ಇದು ನಾನೇ ಪೆಟ್ಟು ತಿಂದು ಕಲಿತದ್ದು. ಹಳೇ ಬೈಕ್ ಮಾರಿದಾಗ ಕೊಂಡವರು 'ಹೆಸರು ನಾನೇ ಬದಲಾಯಿಸಿಕೊಳ್ಳುತ್ತೇನೆ, ನೀವು ಯೋಚನೆ ಮಾಡಬೇಡಿ' ಅಂದರು, ನಾನೂ ಯೋಚನೆ ಮಾಡಲಿಲ್ಲ. ಆರು ತಿಂಗಳು ಅವರು ಸಿಗ್ನಲ್ ಜಂಪ್ ಮಾಡಿದ ದಂಡವೆಲ್ಲ ನನ್ನ ಹೆಸರಿಗೇ ಬಂತು! ಈಗ ಮಾರಾಟ ಪತ್ರದಲ್ಲಿ ತಾರೀಖು ಮಾತ್ರ ಅಲ್ಲ, ಕೀ ಕೊಟ್ಟ ಗಂಟೆ-ನಿಮಿಷ, ಮೀಟರ್ ರೀಡಿಂಗ್ ಕೂಡ ಬರೆಸುತ್ತೇನೆ. ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತೇವೆ. ಗಾಡಿ ಮಾರಿದ್ದೇನೆ ಅಂತ ನೋಂದಣಿ ಕಚೇರಿಗೂ ವಿಮೆಯವರಿಗೂ ನಾನೇ ತಿಳಿಸುತ್ತೇನೆ.

ಹಾಂ, ಇಂಜಿನ್ ನಂಬರ್. ಕಾಗದದಲ್ಲಿ ಒಂದು, ಗಾಡಿಯಲ್ಲಿ ಇನ್ನೊಂದು. 'ಅಯ್ಯೋ ಅದಾ, ಇಂಜಿನ್ ಬದಲಾಯಿಸಿದ್ದೇವೆ ಅಷ್ಟೇ' ಅಂದರು ಮಾರುವವರು. ಇರಬಹುದು, ಅದೇನೂ ತಪ್ಪಲ್ಲ. ಆದರೆ ಹೊಸ ಇಂಜಿನ್ನಿಗೆ ಬಿಲ್ ಇರಬೇಕು, ದಾಖಲೆಯಲ್ಲೂ ನಂಬರ್ ತಿದ್ದಿಸಿರಬೇಕು. ಬಿಲ್ ಹುಡುಕಿ ಫೋನ್ ಮಾಡಿ, ಅಡ್ವಾನ್ಸ್ ಆಮೇಲೆ ನೋಡೋಣ ಅಂತ ಹೇಳಿ ಬಂದೆ.

ಇವತ್ತಿಗೆ ಒಂಬತ್ತು ದಿನ ಆಯಿತು, ಫೋನ್ ಬಂದಿಲ್ಲ. ಟಾರ್ಚ್ ಚಾರ್ಜಿಗೆ ಹಾಕಿದ್ದೇನೆ, ನಾಳೆ ಬೆಳಗ್ಗೆ ಇನ್ನೊಂದು ಗಾಡಿ ನೋಡೋದಿದೆ.