ಇವತ್ತು ಯಾರು ಬಂದಿಲ್ಲ?

ಕೇಳುಗರಿಗೆಲ್ಲಾ ನಮಸ್ಕಾರ.

ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಬೆಂಗಳೂರಿನ ಸರ್ಕಾರಿ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರ ಜೊತೆ. ಅದರಲ್ಲೂ ಹೊಸದಾಗಿ ಎಸ್‌ಡಿಎಂಸಿಗೆ ಆಯ್ಕೆಯಾದವರ ಜೊತೆ. ಗಾರ್ಮೆಂಟ್ಸ್‌ಗೆ ಹೊರಡುವ ಮುಂಚೆ ಡಬ್ಬಿ ಕಟ್ಟುತ್ತಿದ್ದೀರೋ, ಆಟೊ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯುತ್ತಿದ್ದೀರೋ, ಕೈಯಲ್ಲಿರುವ ಕೆಲಸ ಬಿಡಬೇಡಿ. ಕಿವಿ ಮಾತ್ರ ಈ ಕಡೆ ಕೊಡಿ.

ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಹೆಸರು ಉದ್ದ, ಅದಕ್ಕೆ ಹೆದರಬೇಡಿ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆ ಸಲಹೆ ಕೊಟ್ಟ ಮೇಲೆ, 2001ರಲ್ಲಿ ನಮ್ಮ ರಾಜ್ಯ ಸರ್ಕಾರ ಈ ಸಮಿತಿಗಳನ್ನು ಶುರು ಮಾಡಿತು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಅಂತ ಅದರಲ್ಲಿ ಬರೆದಿದೆ. ಸದಸ್ಯರು ಇಷ್ಟು ಓದಿರಬೇಕು, ಇಂಗ್ಲಿಷ್ ಬರಬೇಕು ಅಂತ ಆ ಕಾಯ್ದೆ ಎಲ್ಲೂ ಹೇಳಿಲ್ಲ. ಆದ್ದರಿಂದ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ, ಸೆರಗು ಹೊದ್ದು, ಎಲ್ಲಿ ಸಹಿ ಹಾಕಬೇಕು ಹೇಳಿ ಅಂತ ಕೂರಬೇಡಿ.

ಹೊಸ ಸದಸ್ಯರು ಮೊದಲು ಏನು ಮಾಡುತ್ತಾರೆ ಗೊತ್ತಾ? ತರಬೇತಿ ಕೊಡಲು ಹೋದಲ್ಲೆಲ್ಲಾ ನೋಡುತ್ತೇನೆ. ಗೋಡೆಗೆ ಬಣ್ಣ. ಗೇಟಿಗೆ ಬೋರ್ಡು, ಬೋರ್ಡಿನಲ್ಲಿ ತಮ್ಮ ಹೆಸರು. ಆಗಸ್ಟ್ ಹದಿನೈದಕ್ಕೆ ಮೈಕ್ ಸೆಟ್ಟು, ಲಾಡು, ಶಾಲು, ಹಾರ. ಬಣ್ಣ ಬೇಡ ಅಂತ ಯಾರು ಹೇಳಿದರು? ಹೊಡೆಸಿ, ಚೆನ್ನಾಗಿರುತ್ತದೆ. ಆದರೆ ಮೊದಲ ಕೆಲಸ ಅದಲ್ಲ.

ಮೊದಲ ಕೆಲಸ ಒಂದು ಪ್ರಶ್ನೆ ಕೇಳುವುದು. ಇವತ್ತು ಯಾರು ಬಂದಿಲ್ಲ? ಹಾಜರಿ ಪುಸ್ತಕ ತೆಗೆಸಿ, ಟೀಚರ್ ಪಕ್ಕದಲ್ಲೇ ಕೂತು ಕೇಳಿ. ಯಾರು ಬಂದಿಲ್ಲ, ಯಾವತ್ತಿಂದ ಬಂದಿಲ್ಲ, ಅವರ ಮನೆ ಎಲ್ಲಿ? ಅಷ್ಟೇ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಆ ಮನೆಗೆ ಹೋಗಿ.

ಇದಕ್ಕೆ ಒಂದು ಕಥೆ ಹೇಳುತ್ತೇನೆ. ನಡೆದದ್ದು. ನನಗೆ ಬಹಳ ಇಷ್ಟವಾದದ್ದು, ಸ್ವಲ್ಪ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ರಿಂಗ್ ರಸ್ತೆಯ ಆಚೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಸುತ್ತ ದೊಡ್ಡ ದೊಡ್ಡ ಅಪಾರ್ಟ್‌ಮೆಂಟು. ಅವನ್ನು ಕಟ್ಟಲು ಯಾದಗಿರಿ, ರಾಯಚೂರು ಕಡೆಯಿಂದ ಬಂದವರ ಶೀಟಿನ ಮನೆಗಳು ಖಾಲಿ ಸೈಟುಗಳಲ್ಲಿ. ಆ ಶಾಲೆಯ ಎಸ್‌ಡಿಎಂಸಿಗೆ ಬಸ್ ಸ್ಟಾಪಿನಲ್ಲಿ ಹೂ ಮಾರುವ ಒಬ್ಬ ಅಕ್ಕ ಹೊಸದಾಗಿ ಬಂದರು. ಮೊದಲ ಸಭೆಯಲ್ಲಿ ಮಿಕ್ಕವರೆಲ್ಲಾ ಕಾಂಪೌಂಡಿಗೆ ಯಾವ ಬಣ್ಣ ಅಂತ ಜಗಳ ಆಡುತ್ತಿದ್ದರಂತೆ. ನೀಲಿಯೋ, ಹಸಿರೋ? ಈ ಅಕ್ಕ ಸುಮ್ನೆ ಕೂತು ನಾಲ್ಕನೇ ಕ್ಲಾಸಿನ ಹಾಜರಿ ಪುಸ್ತಕ ತಿರುವಿ ಹಾಕುತ್ತಿದ್ದರು. ಅವರಿಗೆ ಓದು ಅಷ್ಟಕ್ಕಷ್ಟೇ. ಆದರೆ ದಿನಾ ಯಾರ ಮನೆಗೆ ಎಷ್ಟು ಮೊಳ ಅಂತ ಚೀಟಿಯಲ್ಲಿ ಗೆರೆ ಹಾಕಿ ಲೆಕ್ಕ ಇಡುವವರು, ಗುರುತುಗಳ ಸಾಲು ಕಣ್ಣಿಗೆ ಬಿತ್ತು. "ಮೇಡಂ, ಈ ಮಕ್ಕಳು ಮಂಗಳವಾರ, ಶುಕ್ರವಾರ ಮಾತ್ರ ಬರಲ್ವಲ್ಲ, ಯಾಕೆ?" ಅಂದರು.

ಟೀಚರ್ ನೋಡಿದರು. ಹೌದು! ಐದಾರು ಮಕ್ಕಳು, ಎಲ್ಲಾ ಅದೇ ಶೆಡ್‌ಗಳವರು. ಸೋಮವಾರ ಇರುತ್ತಾರೆ, ಮಂಗಳವಾರ ಇಲ್ಲ. ಗುರುವಾರ ಇರುತ್ತಾರೆ, ಶುಕ್ರವಾರ ಇಲ್ಲ. ಒಬ್ಬ ಹಿರಿಯ ಸದಸ್ಯರು ತಕ್ಷಣ ತೀರ್ಪು ಕೊಟ್ಟುಬಿಟ್ಟರು. "ಮಂಗಳವಾರ, ಶುಕ್ರವಾರ ಅಲ್ವಾ? ಅಮ್ಮನ ವಾರ. ಪೂಜೆ ಇಟ್ಟುಕೊಂಡಿರ್ತಾರೆ, ಬಿಡಿ." ಎಲ್ಲರೂ ತಲೆ ಆಡಿಸಿದರು. ವಾಪಸ್ ನೀಲಿ, ಹಸಿರು.

ನಮ್ಮ ಅಕ್ಕ ಬಿಡಲಿಲ್ಲ. ಶುಕ್ರವಾರ ಅವರಿಗೆ ಹೂವಿನ ವ್ಯಾಪಾರ ಜೋರು. ಆದರೂ ಬುಟ್ಟಿಯನ್ನು ಪಕ್ಕದವರಿಗೆ ಒಪ್ಪಿಸಿ ಆ ಶೆಡ್‌ಗಳ ಹತ್ತಿರ ಹೋದರು. ಅಲ್ಲಿ ಏನು ಪೂಜೆ? ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಬಿಂದಿಗೆಗಳ ಸಾಲು. ಕೆಂಪು, ಹಳದಿ, ಹಸಿರು. ಒಂದೊಂದು ಮನೆಯ ಬಿಂದಿಗೆಗಳ ಪಕ್ಕ ಒಂದೊಂದು ಮಗು ಕೂತಿದೆ, ಕೆಲವರು ಯೂನಿಫಾರಂನಲ್ಲೇ. ಟ್ಯಾಂಕರ್ ಬರುವುದು ವಾರಕ್ಕೆ ಎರಡೇ ಸಲ, ಅದೂ ಸರಿಯಾಗಿ ಶಾಲೆಯಲ್ಲಿ ಪ್ರಾರ್ಥನೆ ಮುಗಿಯುವ ಹೊತ್ತಿಗೆ. ಅಪ್ಪ ಅಮ್ಮ ಅಷ್ಟೊತ್ತಿಗೆ ಸೈಟಿನಲ್ಲಿ ಇಟ್ಟಿಗೆ ಹೊರುತ್ತಿರುತ್ತಾರೆ, ಒಂದು ಗಂಟೆ ತಡ ಆದರೆ ಅರ್ಧ ದಿನದ ಕೂಲಿ ಹೋಯಿತು. ಬಿಂದಿಗೆ ಕಾಯಲು ಮಕ್ಕಳೇ ಗತಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಈ ಊರಿನ ಎಷ್ಟೋ ದೊಡ್ಡ ಮನೆಯವರೂ ಟ್ಯಾಂಕರ್ ದಾರಿ ಕಾದರು. ಶೀಟಿನ ಮನೆಯವರಿಗೆ ಮಳೆಗಾಲದಲ್ಲೂ ಅದೇ ಕಥೆ.

ಅಲ್ಲಿದ್ದ ಒಬ್ಬ ಅಜ್ಜಿ ಅಕ್ಕನಿಗೇ ಕೇಳಿದರಂತೆ, "ಸಾಲಿ ನಾಳಿಗೂ ಇರ್ತದವ್ವಾ, ಟ್ಯಾಂಕರ್ ಇರ್ತದೇನು?"

ಹೇಳಿ, ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯಾ? ಶಿಕ್ಷಣದ ಮಹತ್ವದ ಬಗ್ಗೆ ಆ ಅಜ್ಜಿಗೆ ಭಾಷಣ ಮಾಡುತ್ತೀರಾ?

ಅಕ್ಕ ಭಾಷಣ ಮಾಡಲಿಲ್ಲ. ಮೊದಲು ಟ್ಯಾಂಕರ್ ಡ್ರೈವರ್ ಹತ್ತಿರ ಮಾತಾಡಿದರು, ಸ್ವಲ್ಪ ಬೇಗ ಬಾರಪ್ಪ ಅಂತ. ಅವನು ಆಗಲ್ಲ ಅಂದ, ಬೆಳಗಿನ ಟ್ರಿಪ್ಪೆಲ್ಲಾ ಅಪಾರ್ಟ್‌ಮೆಂಟಿಗೆ. ಸರಿ, ನೀರಿನ ಹೊತ್ತು ಬದಲಾಗುವುದಿಲ್ಲ. ಆದರೆ ಬಿಂದಿಗೆ ಕಾಯಲು ಪ್ರತಿ ಮನೆಯಿಂದ ಒಂದು ಮಗು ಯಾಕೆ ಬೇಕು? ಬಿಂದಿಗೆ ಅದಲುಬದಲಾಗಿ ಜಗಳ ಆಗುತ್ತದೆ ಅನ್ನುವ ಒಂದೇ ಕಾರಣಕ್ಕೆ. ಅಷ್ಟೊತ್ತಿಗೆ ಶಾಲೆ ಕಾಂಪೌಂಡಿಗೆ ನೀಲಿ ಗೆದ್ದಿತ್ತು. ಬಳಿದು ಮಿಕ್ಕ ಬಣ್ಣ ಡಬ್ಬದ ತಳದಲ್ಲಿತ್ತು. ಹೆಡ್ ಮಾಸ್ಟರನ್ನು ಕೇಳಿ ಅದನ್ನು ತಂದು, ಮಕ್ಕಳ ಕೈಯಲ್ಲೇ ಬಿಂದಿಗೆಗಳ ಮೇಲೆ ಮನೆ ಮನೆಗೂ ಒಂದು ನಂಬರ್ ಬರೆಸಿದರು. ಒಬ್ಬ ಹುಡುಗ ಏಳನ್ನು ತಿರುಗಾ ಮುರುಗಾ ಬರೆದ, ಅದು ಹಾಗೇ ಉಳಿಯಿತು. ನಂಬರ್ ಬಿದ್ದ ಮೇಲೆ ಕಾವಲಿಗೆ ಇಬ್ಬರು ಅಜ್ಜಿಯರು ಸಾಕಾದರು. ಪೈಪ್ ಹಿಡಿಯಲು ಹೆಂಗಸರು ಸರದಿ ಮೇಲೆ ಒಬ್ಬೊಬ್ಬರು ನಿಂತರು, ಆ ದಿನದ ಕೂಲಿಗೆ ಎಲ್ಲಾ ಮನೆಯವರೂ ಸೇರಿಸಿ ಕೊಟ್ಟರು.

ಮುಂದಿನ ತಿಂಗಳು ಹಾಜರಿ ಪುಸ್ತಕದಲ್ಲಿ ಶುಕ್ರವಾರದ ಚೌಕಗಳಲ್ಲಿ ಆ ಮಕ್ಕಳ ಹಾಜರಿ ಗುರುತು ಬಿದ್ದಿತ್ತು. ಶಾಲೆ ಗೋಡೆಗೆ ಬಳಿದ ಬಣ್ಣದಿಂದ ಒಂದು ಮಗುವೂ ಶಾಲೆಗೆ ಬರಲಿಲ್ಲ. ಬಿಂದಿಗೆಗೆ ಬಳಿದದ್ದರಿಂದ ಬಂದರು.

ಎಲ್ಲರೂ ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಬ್ಬ ಹುಡುಗ ಆ ಸಾಲಿನಲ್ಲೇ ಇರಲಿಲ್ಲ. ಅವನ ಹೆಸರನ್ನೂ ಅಕ್ಕ ಕೇಳಿದ್ದಕ್ಕೆ ಗೊತ್ತಾಯಿತು, ಪಂಕ್ಚರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಸಿದ್ದರು. 14 ವರ್ಷ ತುಂಬದ ಮಕ್ಕಳನ್ನು ಹೀಗೆ ದುಡಿಸುವುದು ಅಪರಾಧ. ಇಂಥದ್ದು ಕಂಡರೆ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡು ಕಟ್ಟಾಗುವುದಿಲ್ಲ.

ಕಥೆಯೇ ನನ್ನ ಸಮಯವನ್ನೆಲ್ಲಾ ತಿಂದುಬಿಟ್ಟಿತು. ಮಿಕ್ಕದ್ದನ್ನು ಬೇಗ ಬೇಗ ಹೇಳುತ್ತೇನೆ.

ಯಾರು ಬಂದಿಲ್ಲ ಅಂತ ಹುಡುಕಿಕೊಂಡು ಹೋದರೆ ಶಾಲೆಗೆ ಹೆಸರೇ ಹಚ್ಚದ ಮಕ್ಕಳೂ ಸಿಗುತ್ತಾರೆ. "ಊರಿಂದ ಟಿಸಿ ತಂದಿಲ್ಲ, ಅದಕ್ಕೇ ಸೇರಿಸಿಲ್ಲ" ಅನ್ನುತ್ತಾರೆ. ಟಿಸಿ ಬರುವುದು ತಡ ಆಯಿತು ಅಂತ ಸರ್ಕಾರಿ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಜನನ ಪ್ರಮಾಣಪತ್ರ ಇಲ್ಲ ಅಂತಲೂ ಬೇಡ ಅನ್ನುವಂತಿಲ್ಲ. ಎರಡೂ ಅದೇ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಆಧಾರ್ ಇಲ್ಲ ಅಂತ ಶಾಲೆಗೆ ಸೇರಿಸದೆ ಇರಬಾರದು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹತ್ತು ವರ್ಷದ ಮಗು ಶಾಲೆ ಮುಖವನ್ನೇ ನೋಡಿಲ್ಲ ಅಂದರೆ ಒಂದನೇ ಕ್ಲಾಸಿನಲ್ಲಿ ಚಿಕ್ಕ ಮಕ್ಕಳ ಜೊತೆ ಕೂರಿಸಬೇಕಿಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿ, ಹಿಂದೆ ಬಿದ್ದಿದ್ದನ್ನು ಬೇರೆಯಾಗಿ ಕಲಿಸಬೇಕು. ಮೊದಲೇ ಎಲ್ಲೋ ಓದಿದ ಮಗು ಆದರೆ ಹಳೇ ಶಾಲೆಯಲ್ಲಿದ್ದ ಸ್ಯಾಟ್ಸ್ ನಂಬರ್, ಅಂದರೆ ಸರ್ಕಾರದ ದಾಖಲೆಯಲ್ಲಿ ಆ ಮಗುವಿಗಿರುವ ಗುರುತಿನ ನಂಬರ್, ಕೇಳಿ ಇಟ್ಟುಕೊಳ್ಳಿ, ಕಂಪ್ಯೂಟರಿನಲ್ಲಿ ದಾಖಲೆ ಸಿಗುತ್ತದೆ.

ಬಿಸಿಯೂಟ. ಬೆಂಗಳೂರಿನಲ್ಲಿ ಬಹಳ ಶಾಲೆಗೆ ಊಟ ವ್ಯಾನಿನಲ್ಲಿ ಬರುತ್ತದೆ. ಬಡಿಸುವ ಮುಂಚೆ ಒಂದು ತುತ್ತು ತಿಂದು ನೋಡಿ. ಅದರ ಬಗ್ಗೆ ಮಾತಾಡಬೇಕಾದ್ದು ತುಂಬಾ ಇದೆ, ಇನ್ನೊಂದು ಸಲ ಕರೆದರೆ ಬಂದು ಹೇಳುತ್ತೇನೆ.

ಟೀಚರುಗಳ ಜೊತೆ ಜಗಳಕ್ಕೆ ಇಳಿಯಬೇಡಿ. ಒಬ್ಬರೇ ಎರಡು ಮೂರು ಕ್ಲಾಸು ನೋಡಿಕೊಂಡು, ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ ಎಲ್ಲಾ ಬರೆಯುವವರು. ಶೆಡ್ ಶೆಡ್‌ಗೂ ಹೋಗಲು ಅವರಿಗೆ ಪುರುಸೊತ್ತು ಎಲ್ಲಿ? ನೀವು ಅದೇ ಬೀದಿಯವರು, ನಿಮಗೆ ಬಾಗಿಲು ತೆಗೆಯುತ್ತಾರೆ.

ಕೊನೆಗೆ ಒಂದು ದಿನಾಂಕ ಗುರುತು ಹಾಕಿಕೊಳ್ಳಿ. ದಸರಾ ರಜೆ ಮುಗಿದು ಶಾಲೆ ತೆರೆಯುವ ದಿನ. ರಜೆಗೆ ಊರಿಗೆ ಹೋದ ಮಕ್ಕಳಲ್ಲಿ ಕೆಲವರು ವಾಪಸ್ ಬರುವುದಿಲ್ಲ, ಕೆಲವರು ಬಂದರೂ ಅಪ್ಪ ಅಮ್ಮ ಬೇರೆ ಸೈಟಿಗೆ ಹೋಗಿರುತ್ತಾರೆ. ಅದಕ್ಕೇ ರಜೆ ಶುರುವಾಗುವ ಮುಂಚೆಯೇ ಆ ಮನೆಗಳ ಫೋನ್ ನಂಬರ್, ಮೇಸ್ತ್ರಿಯ ನಂಬರ್ ಎರಡನ್ನೂ ಬರೆದುಕೊಳ್ಳಿ. ಮನೆಯವರ ಸಿಮ್ ಬದಲಾಗುತ್ತಿರುತ್ತದೆ, ಮೇಸ್ತ್ರಿಯದು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ನಮಸ್ಕಾರ.