ಕೌದಿ ಹೊಲಿಯೋಕೆ ಹಳೇ ಮಿಷನ್: ಕಡಿಮೆ ದುಡ್ಡಿಗೆ ಯಾವುದು, ಹೇಗೆ ನೋಡಿ ಕೊಳ್ಳಬೇಕು?

[ತೆರೆಯಲ್ಲಿ: ಕಪ್ಪು ಮಿಷನ್, ಸೂಜಿ ತಟ್ಟೆ ಹತ್ತಿರದಿಂದ]

ನಮಸ್ಕಾರ. ಕೌದಿಗೆ ಮುಖ್ಯವಾಗಿ ಬೇಕಾದ್ದು ಒಳ್ಳೆ ನೇರ ಹೊಲಿಗೆ. ಅದೊಂದನ್ನೇ ಹಾಕುವ ಹಳೇ ಕಬ್ಬಿಣದ ಮಿಷನ್ನಿನ ತಟ್ಟೆಯಲ್ಲಿ ಸೂಜಿಗೆ ಒಂದು ಸಣ್ಣ ತೂತು ಮಾತ್ರ. ಹಾಗಾಗಿ ತ್ರಿಕೋನ ತುಂಡಿನ ಚೂಪು ಮೂಲೆ ಒಳಗೆ ಹೋಗಿ ಸಿಕ್ಕಿಕೊಳ್ಳೋದು ಕಡಿಮೆ. ಜಿಗ್‌ಜ್ಯಾಗ್ ಮಿಷನ್ನಿನ ಅಗಲ ತೂತಿನಲ್ಲಿ ಅದೇ ತಲೆನೋವು.

ಸಿಂಗರ್ 221, ಅಂದರೆ ಫೆದರ್‌ವೆಯ್ಟ್, ಎಲ್ಲರಿಗೂ ಬೇಕು, ಅದಕ್ಕೇ ದುಬಾರಿ. ದುಡ್ಡು ಉಳಿಸಬೇಕಾ? ಸಿಂಗರ್ 15 ನೋಡಿ, ಇಲ್ಲವೇ ಎರಡನೇ ಮಹಾಯುದ್ಧದ ನಂತರ ಅದೇ ಮಾದರಿಯಲ್ಲಿ ಜಪಾನಿನಲ್ಲಿ ನಾನಾ ಹೆಸರಲ್ಲಿ ತಯಾರಾದವನ್ನು. ಬಾಬಿನ್ (ಅಡಿ ದಾರ ಸುತ್ತುವ ಉರುಳೆ), ಸೂಜಿ, ಬಟ್ಟೆ ಒತ್ತಿ ಹಿಡಿಯುವ ಪಾದ ಇವತ್ತಿಗೂ ಸಿಗುತ್ತವೆ. ಉದ್ದನೆ ಶಟಲ್, ಅಂದರೆ ಅಡಿ ದಾರ ಹಿಡಿದು ಓಡಾಡುವ ಭಾಗ, ಇರುವ ಇನ್ನೂ ಹಳೆಯವೂ ಚೆನ್ನಾಗೇ ಹೊಲಿಯುತ್ತವೆ, ಶಟಲ್ ಕಳೆದಿದ್ದರೆ ಮಾತ್ರ ಬಿಟ್ಟುಬಿಡಿ. ಜಾಹೀರಾತಿನಲ್ಲಿ "ಇಂಡಸ್ಟ್ರಿಯಲ್ ಪವರ್" ಅಂತ ಬರೆದಿದ್ದರೆ ನಕ್ಕು ಮುಂದೆ ಹೋಗಿ, ಇವೆಲ್ಲ ಮನೆ ಮಿಷನ್‌ಗಳೇ.

[ತೆರೆಯಲ್ಲಿ: ಕೈಚಕ್ರ, ವೈರು]

ಮಿಷನ್ ಕೈಗೆ ಬಂದ ತಕ್ಷಣ ಪ್ಲಗ್ ಹಾಕಬೇಡಿ. ವೈರಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಹೊಸ ವೈರಿಂಗ್ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ. ಕೈಚಕ್ರವನ್ನು ನಿಮ್ಮ ಕಡೆಗೆ ತಿರುಗಿಸಿ. ಬಿಗಿಯಾಗಿದ್ದರೆ ಗಾಬರಿ ಬೇಡ, ಸಾಮಾನ್ಯವಾಗಿ ಹಳೇ ಎಣ್ಣೆ ಅಂಟಾಗಿ ಗಟ್ಟಿಯಾಗಿರುತ್ತೆ. ಲೋಹಕ್ಕೆ ಲೋಹ ಉಜ್ಜುವ ಕಡೆಯೆಲ್ಲ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಮೋಟರಿಗೆ ಮಾತ್ರ ತಾಗಬಾರದು. ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ಸಡಿಲವಾದ ಮೇಲೆ ಒರೆಸಿ ಮಿಷನ್ ಎಣ್ಣೆ ಹಾಕಿ. ಅಡುಗೆ ಎಣ್ಣೆ ಬೇಡವೇ ಬೇಡ, ಮತ್ತೆ ಅಂಟಾಗುತ್ತೆ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ತಡೆದರೆ ಬಾಬಿನ್ ಕೇಸ್ ಬಿಚ್ಚಿ, ಹಿಂದೆ ದಾರ ಸಿಕ್ಕಿದೆಯಾ ನೋಡಿ.

ಈಗ ಹೊಲಿದು ನೋಡಿ. ಹೊಸ ಸೂಜಿ ಹಾಕಿ. ಸಿಂಗರ್ 15ರಲ್ಲಿ ಸೂಜಿಯ ಚಪ್ಪಟೆ ಬದಿ ಎಡಕ್ಕೆ, ದಾರ ಬಲದಿಂದ ಎಡಕ್ಕೆ. ಉಲ್ಟಾ ಹಾಕಿದರೆ ಹೊಲಿಗೆ ಬೀಳೋದೇ ಇಲ್ಲ, "ಕೆಟ್ಟಿದೆ" ಅಂತ ಅಗ್ಗಕ್ಕೆ ಮಾರಿಬಿಡುವವರೂ ಇದ್ದಾರೆ, ಕಣ್ಣಿಟ್ಟಿರಿ. ಪಾದ ಎತ್ತಿಟ್ಟುಕೊಂಡೇ ದಾರ ಪೋಣಿಸಿ, ಇಲ್ಲದಿದ್ದರೆ ದಾರ ಅದನ್ನು ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಕೂರದೆ ಅಡಿಯಲ್ಲಿ ಗಂಟು ಗಂಟಾಗುತ್ತೆ. ಹೊಲಿಗೆ ಉದ್ದದ ಅಂಕಿ ಅನೇಕ ಹಳೇ ಮಿಷನ್‌ಗಳಲ್ಲಿ ಒಂದು ಇಂಚಿಗೆ ಎಷ್ಟು ಹೊಲಿಗೆ ಅನ್ನೋದು. ತುಂಡು ಜೋಡಿಸಲು 12, ಪದರ ಸೇರಿಸಿ ಹೊಲಿಯಲು 8ರಿಂದ 10.

ಬಟ್ಟೆಯನ್ನು ಕೈಯಿಂದಲೇ ಬೇಕಾದತ್ತ ಓಡಿಸಿ ಚಿತ್ತಾರ ಹೊಲಿಯುವ ಆಸೆಯಿದ್ದರೆ ಬಟ್ಟೆ ತಳ್ಳುವ ಹಲ್ಲು ಕೆಳಗಿಳಿಯುತ್ತಾ ಅಂತ ನೋಡಿ. ಇಳಿಯದಿದ್ದರೆ ಅದರ ಮೇಲೆ ಮುಚ್ಚುವ ತಟ್ಟೆ ಸಿಗುತ್ತೆ, ಅದರಿಂದಲೂ ಕೆಲಸ ನಡೆಯುತ್ತೆ.